ಮತ್ತಿ ಮರದ ಗಿಟಾರು

ಕಳೆದ ಮಳೆಗಾಲಕ್ಕೂ ಹಿಂದಿನ ಮಳೆಗಾಲದಲ್ಲಿ ನನ್ನ ಅಕೂಸ್ಟಿಕ್ ಗಿಟಾರಿನ ಹೊಟ್ಟೆ ಉಬ್ಬಿತು. ಮಾತಿನ ಚಮತ್ಕಾರಕ್ಕೆ ಹೇಳುತ್ತಿಲ್ಲ. ತಂತಿಗಳ ಬುಡ ಕೂರುವ ಬ್ರಿಡ್ಜಿನ ಹಿಂದಿನ ಮೇಲ್ಹಲಗೆ ನಿಜಕ್ಕೂ ಉಬ್ಬಿ, ತಂತಿಗಳು ಒತ್ತಲಾಗದಷ್ಟು ಮೇಲೆದ್ದು ನಿಂತವು. ಕಾರವಾರದ ಕೋಡಿಬಾಗದಲ್ಲಿ ನಮ್ಮ ಬಾಡಿಗೆ ಮನೆ. ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ಜೂನ್ ಬಂತೆಂದರೆ ಡಬ್ಬಿಯಲ್ಲಿ ಉಪ್ಪು ನೀರೊಡೆಯುತ್ತದೆ, ಕಪಾಟಿನ ಸೀರೆಗೆ ಬೂಷ್ಟು ಹಿಡಿಯುತ್ತದೆ, ಹಪ್ಪಳ ಬಟ್ಟೆಯಂತೆ ಮಡಚಿಕೊಳ್ಳುತ್ತದೆ. ತೆಳು ಹಲಗೆಗಳನ್ನು ಅಂಟಿಸಿ ಮಾಡಿದ ಟೊಳ್ಳು ಪೆಟ್ಟಿಗೆಯೊಂದು ಈ ಗಾಳಿಯಲ್ಲಿ ಮೂರು ವರ್ಷ ಬಾಳಿದ್ದೇ ಹೆಚ್ಚು.

ಹಾಗಾಗಿ ನಾನು ಎಲೆಕ್ಟ್ರಿಕ್ ಗಿಟಾರಿಗೆ ಬಂದದ್ದು ರಾಕ್ ಸಂಗೀತದ ಹುಚ್ಚಿನಿಂದಲ್ಲ, ಹವೆಯ ಕಾಟದಿಂದ. ಒಳಗೆ ಟೊಳ್ಳಿಲ್ಲದ ಗಟ್ಟಿ ಮರದ ದಿಮ್ಮಿ ಉಬ್ಬಲಾರದು ಎಂಬುದಷ್ಟೇ ನನ್ನ ಲೆಕ್ಕ. ವಯಸ್ಸು 43, ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಮನೆಯಲ್ಲಿ ಕೇಳುವವರು ಗಂಡ ಮತ್ತು ಒಂದು ಬೆಕ್ಕು. 30,000 ರೂಪಾಯಿ ತೆಗೆದಿಟ್ಟೆ.

ಮೊದಲ ಹೆಜ್ಜೆಯಲ್ಲೇ ಎಡವಿದೆ. ಹುಬ್ಬಳ್ಳಿಯವರೊಬ್ಬರು ಮಾರಲಿಟ್ಟ ಹಳೆಯ ಗಿಟಾರಿನ ಚಿತ್ರ ಮೊಬೈಲಿನಲ್ಲಿ ಕಂಡಿತು. ಮಾಗಿದ ಕೋಕಂ ಹಣ್ಣಿನ ಬಣ್ಣ. ನೋಡಿದೊಡನೆ ಬೇಕೆನಿಸಿತು, ಸಾವಿರ ರೂಪಾಯಿ ಮುಂಗಡ ಕಳುಹಿಸಿಬಿಟ್ಟೆ. ಆಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಚಿತ್ರ ತೋರಿಸಿದೆ. ಗೋವಾದ ಹೋಟೆಲುಗಳಲ್ಲಿ, ಮದುವೆಗಳಲ್ಲಿ ಬೇಸ್ ಗಿಟಾರು ನುಡಿಸಿ ಜೀವನ ಮಾಡುವ ಹುಡುಗ. ಅವನು ಬಣ್ಣದ ಮಾತೇ ಎತ್ತಲಿಲ್ಲ. "ಮೇಡಂ, ಟ್ರಸ್ ರಾಡ್ ತಿರುಗುತ್ತದೆಯೇ ಎಂದು ಕೇಳಿ" ಎಂದ. ಗಿಟಾರಿನ ಕತ್ತಿನೊಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳು ಇರುತ್ತದೆ. ಆರು ತಂತಿಗಳ ಎಳೆತಕ್ಕೆ ಕತ್ತು ಬಾಗದಂತೆ ಎದುರಿನಿಂದ ಬಲ ಕೊಡುವುದು ಅದೇ. ಕೇಳಿದೆ. ಮಾರುವವರು ಎರಡು ದಿನ ಉತ್ತರಿಸಲಿಲ್ಲ, ಮೂರನೆಯ ದಿನ "ಅದನ್ನೆಲ್ಲ ಮುಟ್ಟುವ ಅಗತ್ಯ ಬರುವುದಿಲ್ಲ" ಎಂದರು. ಮುಂಗಡ ಹೋಯಿತು. ಕಲಿತ ಪಾಠಕ್ಕೆ ಸಾವಿರ ರೂಪಾಯಿ ದುಬಾರಿಯಲ್ಲ ಎಂದು ಗಂಡ ಸಮಾಧಾನ ಹೇಳಿದರು. ದುಬಾರಿಯೇ.

ಆ ಮೇಲೆ ನನಗೆ ಗೊತ್ತಿದ್ದ ವಿದ್ಯೆಯಿಂದಲೇ ಶುರು ಮಾಡಿದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಪ್ರತಿ ವರ್ಷ ದ್ವಿತೀಯ ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಎಂದರೆ ಅದೇ: ಕಾಂತಗಳು, ಅವುಗಳ ಸುತ್ತ ಸಾವಿರಾರು ಸುತ್ತು ಕೂದಲಿನಂಥ ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ತೊಂದರೆ ಏನೆಂದರೆ ಈ ಸುರುಳಿಗೆ ಗಿಟಾರಿನ ತಂತಿ ಯಾವುದು, ಗೋಡೆಯೊಳಗಿನ ಕರೆಂಟಿನ ತಂತಿ ಯಾವುದು ಎಂಬ ಭೇದವಿಲ್ಲ. 50 ಹರ್ಟ್ಸ್‌ನ ಗುಂಯ್‌ಗುಡುವಿಕೆಯನ್ನೂ ಹೀರಿಕೊಂಡು ಆಂಪ್ಲಿಫೈಯರಿಗೆ ದಾಟಿಸುತ್ತದೆ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗಳ ಹುಟ್ಟುಗುಣ ಇದು. 1955ರಲ್ಲಿ ಗಿಬ್ಸನ್ ಕಂಪನಿಯ ಎಂಜಿನಿಯರ್ ಸೇತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರು. ಎರಡು ಸುರುಳಿಗಳಿಗೆ ಕಾಂತದ ವಿರುದ್ಧ ಧ್ರುವಗಳು ಬರುವಂತೆಯೂ ಮಾಡಿದರು. ಹೊರಗಿನ ಗದ್ದಲ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಅಳಿಯುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. 'ಹಮ್' ಎಂಬ ಗುಂಯ್‌ಗುಡುವಿಕೆಯನ್ನು ಎದುರಿಸುವುದರಿಂದ ಹೆಸರೇ ಹಂಬಕರ್. ಕಾಗದದ ಮೇಲೆ ನನ್ನ ತೀರ್ಮಾನ ಸ್ಪಷ್ಟವಿತ್ತು: ಹಂಬಕರ್ ಇರುವುದನ್ನೇ ಕೊಳ್ಳುವುದು. ಕೊಂಡದ್ದು ಬೇರೆ, ಆ ಕತೆ ಮುಂದಿದೆ.

ಇನ್ನೊಂದು ಲೆಕ್ಕ ಕೈಯದು. ನನ್ನ ಬೆರಳುಗಳು ಗಿಡ್ಡ. ಫೆಂಡರ್ ಕಂಪನಿಯ ಮಾದರಿಯ ಗಿಟಾರುಗಳಲ್ಲಿ ನಟ್‌ನಿಂದ, ಅಂದರೆ ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯಿಂದ, ಬ್ರಿಡ್ಜಿನವರೆಗೆ ತಂತಿಯ ಉದ್ದ 648 ಮಿಲಿಮೀಟರ್. ಹಂಬಕರ್ ಇರುವ, ಗಿಬ್ಸನ್‌ನ ಲೆಸ್ ಪಾಲ್ ಮಾದರಿಯಲ್ಲಿ ಸುಮಾರು 628. ಉದ್ದ ಕಡಿಮೆಯಾದರೆ ಫ್ರೆಟ್‌ಗಳೂ, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಗೆರೆಗಳೂ, ಹತ್ತಿರವಾಗುತ್ತವೆ. ಲೆಕ್ಕ ಹಾಕಿದೆ: ನಟ್‌ನಿಂದ ನಾಲ್ಕನೆಯ ಫ್ರೆಟ್‌ವರೆಗೆ ಮೊದಲನೆಯದರಲ್ಲಿ 134 ಮಿಲಿಮೀಟರ್, ಎರಡನೆಯದರಲ್ಲಿ 130. ಅದೇ ಸ್ವರಕ್ಕೆ ತಂತಿಯ ಬಿಗಿತವೂ ನೂರಕ್ಕೆ ಆರರಷ್ಟು ಕಡಿಮೆ. ಕಿರುಬೆರಳಿಗೆ ನಾಲ್ಕು ಮಿಲಿಮೀಟರ್ ಎಂದರೆ ಏನೆಂದು ನುಡಿಸುವವರಿಗೆ ಗೊತ್ತು. ಅಂದರೆ ಈ ಲೆಕ್ಕವೂ ಲೆಸ್ ಪಾಲ್ ಕಡೆಗೇ ವಾಲಿತು.

ಡಿಸೆಂಬರಿನ ಒಂದು ಶನಿವಾರ ರೈಲಿನಲ್ಲಿ ಮಡಗಾಂವ್‌ಗೆ ಹೋದೆ. ಕಾರವಾರದವರಿಗೆ ಈ ವಿಷಯದಲ್ಲಿ ಹುಬ್ಬಳ್ಳಿಗಿಂತ ಗೋವಾ ಹತ್ತಿರ. ಅಂಗಡಿಯಲ್ಲಿ ನನ್ನನ್ನು ನೋಡಿದ ಮಾಲೀಕರು "ಮಗನಿಗೋ, ಮಗಳಿಗೋ?" ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಗಿಟಾರು, ಆಂಪ್, ಚೀಲ, ಕೇಬಲ್ ಎಲ್ಲ ಕೂಡಿದ ಪೆಟ್ಟಿಗೆಯೊಂದನ್ನು ಮುಂದೆ ತಳ್ಳಿದರು. ನನ್ನ ಜೊತೆಗಿದ್ದ ವಿದ್ಯಾರ್ಥಿ "ಮೇಡಂಗೇ ಬೇಕಾದದ್ದು" ಎಂದಾಗ ಆ ಪೆಟ್ಟಿಗೆ ಹಿಂದಕ್ಕೆ ಹೋಯಿತು, ಸ್ಟೂಲು ಬಂತು.

ಲೆಸ್ ಪಾಲ್ ಮಾದರಿಯನ್ನು ಪಟ್ಟಿ ಹಾಕಿ ಹೆಗಲಿಗೆ ಏರಿಸಿದೆ. ಹತ್ತು ನಿಮಿಷ. ನಾಲ್ಕು ಕಿಲೋ ಮೀರಿದ ಭಾರ. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಬರೆದು ಸವೆದ ಹೆಗಲು ನನ್ನ ನಾಲ್ಕು ಮಿಲಿಮೀಟರ್ ಲೆಕ್ಕವನ್ನು ಅಲ್ಲೇ ತಳ್ಳಿಹಾಕಿತು. ಕೂತು ನುಡಿಸುವವರಿಗೆ ಇದು ದೊಡ್ಡದಲ್ಲ. ನನಗೆ ನಿಂತು ನುಡಿಸುವ ಅಭ್ಯಾಸ.

ಆಮೇಲೆ ಟೆಲಿಕ್ಯಾಸ್ಟರ್ ಮಾದರಿ. ಲಿಯೋ ಫೆಂಡರ್ ಅವರ ಕಂಪನಿ 1950ರ ಸುಮಾರಿಗೆ ತಂದ ವಿನ್ಯಾಸ, 1951ರಿಂದ ಈ ಹೆಸರು. ಚಂದವೇನಿಲ್ಲ, ಅಡುಗೆಮನೆಯ ಹಲಗೆಗೆ ಕತ್ತು ಬೆಸೆದಂತಿದೆ. ಆದರೆ ಆ ಕತ್ತನ್ನು ನಾಲ್ಕು ಸ್ಕ್ರೂಗಳಿಂದ ಹಿಡಿಸಿರುತ್ತಾರೆ, ಬ್ರಿಡ್ಜು ಅಲುಗದಂತೆ ಮರಕ್ಕೇ ಕೂತಿರುತ್ತದೆ, ಅದನ್ನು ಎಳೆದು ಹಿಡಿಯುವ ಸ್ಪ್ರಿಂಗ್‌ಗಳಿಲ್ಲ. ಗಿಟಾರು ರಿಪೇರಿಯವರು ಸುಲಭಕ್ಕೆ ಸಿಗದ ಊರಿನಲ್ಲಿ, ಕಬ್ಬಿಣವನ್ನು ತಿನ್ನುವ ಗಾಳಿಯಲ್ಲಿ, ಕಡಿಮೆ ಭಾಗಗಳಿರುವ ವಸ್ತುವೇ ಲೇಸು. ಪಿಕಪ್ ಮಾತ್ರ ಎರಡೂ ಸಿಂಗಲ್ ಕಾಯಿಲ್. ನನ್ನ ಭೌತಶಾಸ್ತ್ರ ಬೇಡವೆಂದಿತು, ಹೆಗಲು ಬೇಕೆಂದಿತು.

ಅದೇ ಮಾದರಿಯ ಎರಡನ್ನು ಇಳಿಸಲು ಹೇಳಿದೆವು. ಒಂದೇ ಕಾರ್ಖಾನೆಯ, ಒಂದೇ ಬೆಲೆಯ ಎರಡು ಗಿಟಾರುಗಳು ಇಷ್ಟು ಬೇರೆಯಾಗಿರಬಲ್ಲವು ಎಂದು ನನಗೆ ಗೊತ್ತಿರಲಿಲ್ಲ. ಹುಡುಗ ಆಂಪ್‌ಗೆ ಜೋಡಿಸಲು ಬಿಡಲಿಲ್ಲ. "ಆಂಪ್ ಎಲ್ಲ ದೋಷವನ್ನೂ ಮುಚ್ಚುತ್ತದೆ ಮೇಡಂ. ಮೊದಲು ಬರಿದೇ ನುಡಿಸಿ." ಪ್ರತಿ ತಂತಿಯಲ್ಲಿ ಪ್ರತಿ ಫ್ರೆಟ್ ಒತ್ತಿ ಮೀಟಿದೆ, ಆರು ತಂತಿ, ಇಪ್ಪತ್ತೊಂದು ಫ್ರೆಟ್, ನೂರಿಪ್ಪತ್ತಾರು ಸ್ವರ. ಮಾಲೀಕರು ಚಹಾಕ್ಕೆ ಹೋಗಿ ಬಂದರು. ಮೊದಲ ಗಿಟಾರಿನಲ್ಲಿ ಸಣ್ಣ ತಂತಿಯ ಹದಿನಾಲ್ಕನೆಯ ಫ್ರೆಟ್ ಸತ್ತಿತ್ತು: ಟಕ್ ಎಂದು ಅಲ್ಲೇ ನಿಂತಿತು. ಮುಂದಿನ ಫ್ರೆಟ್ ಎತ್ತರವಾಗಿ ತಂತಿಗೆ ತಾಗುತ್ತಿದೆ ಎಂದರ್ಥ. ಕತ್ತಿನ ಅಂಚಿನಲ್ಲಿ ಹೆಬ್ಬೆರಳು ಓಡಿಸಿದರೆ ಫ್ರೆಟ್‌ಗಳ ತುದಿ ಈಳಿಗೆಯ ಹಲ್ಲಿನಂತೆ ತಾಗುತ್ತಿತ್ತು.

ಎರಡನೆಯದರಲ್ಲೂ ದೋಷವಿತ್ತು. ಹನ್ನೆರಡನೆಯ ಫ್ರೆಟ್ ಒತ್ತಿದಾಗ ಬರುವ ಸ್ವರ, ಅದೇ ಜಾಗದಲ್ಲಿ ತಂತಿಯನ್ನು ಹಗುರವಾಗಿ ಮುಟ್ಟಿದಾಗ ಬರುವ ಹಾರ್ಮೋನಿಕ್‌ಗಿಂತ ತುಸು ಏರಿತ್ತು. ನಾನು ತಲೆಯಾಡಿಸಿದೆ. ಹುಡುಗ ನಕ್ಕ. ಬ್ರಿಡ್ಜಿನ ಸ್ಕ್ರೂ ತಿರುಗಿಸಿ ತಂತಿಯ ಉದ್ದವನ್ನು ಕೊಂಚ ಹೆಚ್ಚಿಸಿದರೆ ಅದು ಸರಿಹೋಗುತ್ತದೆ, ಐದು ನಿಮಿಷದ ಕೆಲಸ. ತಂತಿ ಎತ್ತರವಿದ್ದರೆ ಇಳಿಸಬಹುದು, ಕತ್ತು ಬಾಗಿದ್ದರೆ ಸರಳು ತಿರುಗಿಸಬಹುದು. ತಿರುಚಿಕೊಂಡ ಕತ್ತು, ಏರಿಳಿದ ಫ್ರೆಟ್ಟು, ನಿಲ್ಲದ ಬಿರಟೆ ಇದ್ದರೆ ಮಾತ್ರ ಕೈಮುಗಿದು ಎದ್ದು ಬರಬೇಕು. ಹೊಸಬರು ಉಲ್ಟಾ ಮಾಡುತ್ತಾರೆ. ಐದು ನಿಮಿಷದಲ್ಲಿ ಹೋಗುವ ದೋಷಕ್ಕೆ ಹೆದರಿ, ಎಂದೂ ಹೋಗದ ದೋಷವನ್ನು ಬಣ್ಣ ನೋಡಿ ಮನೆಗೆ ತರುತ್ತಾರೆ. ಕತ್ತಿನ ಬಾಗು ನೋಡುವುದೂ ಸುಲಭ: ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದರೆ ನಡುವೆ, ಏಳನೆಯ ಫ್ರೆಟ್‌ನ ಮೇಲೆ, ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದು ಇರಬೇಕು.

ಕೊನೆಗೆ ನಾನು ಗೋಡೆಗೆ ಮುಖ ಮಾಡಿ ನಿಂತೆ. ಅವನು ಯಾವುದೆಂದು ಹೇಳದೆ ನಾಲ್ಕು ಗಿಟಾರುಗಳನ್ನು ಮೂರು ಸಲ ನುಡಿಸಿದ. ಮೂರು ಸಲವೂ ನಾನು ಕೈ ಎತ್ತಿದ್ದು ಎರಡನೆಯ ಟೆಲಿಕ್ಯಾಸ್ಟರಿಗೇ. ಅಂಗಡಿಯಲ್ಲಿದ್ದ ಅತಿ ದುಬಾರಿ ಗಿಟಾರೂ ಆ ನಾಲ್ಕರಲ್ಲಿತ್ತು ಎಂದು ಆಮೇಲೆ ತಿಳಿಯಿತು.

ಬೆಲೆ 18,500. ಮಾಲೀಕರು ತಾವಾಗಿಯೇ, ಸ್ವಲ್ಪ ಸಂಕೋಚದಿಂದ, "ಫ್ರೆಟ್‌ಬೋರ್ಡು ರೋಸ್‌ವುಡ್ ಅಲ್ಲ, ಇಂಡಿಯನ್ ಲಾರೆಲ್" ಎಂದರು. ಫ್ರೆಟ್‌ಬೋರ್ಡು ಎಂದರೆ ಫ್ರೆಟ್‌ಗಳನ್ನು ಕೂರಿಸಿದ, ಕತ್ತಿನ ಮೇಲಿನ ಮರದ ಪಟ್ಟಿ; ರೋಸ್‌ವುಡ್ ಎಂದರೆ ನಮ್ಮ ಬೀಟೆಯ ಕುಲ. 2017ರಲ್ಲಿ ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂದಾಗ ಗಿಟಾರು ಕಂಪನಿಗಳು ಬೇರೆ ಮರಗಳತ್ತ ಹೊರಳಿದವು. 2019ರಲ್ಲಿ ವಾದ್ಯಗಳಿಗೆ ವಿನಾಯಿತಿ ಸಿಕ್ಕರೂ ಕಡಿಮೆ ಬೆಲೆಯವುಗಳಲ್ಲಿ ಹೊಸ ಮರಗಳು ಉಳಿದುಕೊಂಡವು. ಆದರೆ ಲಾರೆಲ್ ಎಂದರೇನು? ಮೊಬೈಲಿನಲ್ಲಿ ಹುಡುಕಿದೆ. ಟರ್ಮಿನೇಲಿಯಾ ಎಂದು ಬಂತು. ಮೊಸಳೆಯ ಬೆನ್ನಿನಂತೆ ಬಿರಿದ ತೊಗಟೆಯ ಚಿತ್ರವೂ ಬಂತು. ನನಗೆ ನಗು ತಡೆಯಲಾಗಲಿಲ್ಲ. ಮತ್ತಿ ಮರ! ಶಿರಸಿ ಹತ್ತಿರದ ನನ್ನ ತವರಿನ ಸೊಪ್ಪಿನ ಬೆಟ್ಟದಲ್ಲಿ ಕಾಲಿಟ್ಟಲ್ಲೆಲ್ಲ ಇರುವುದು ಅದೇ; ಅಡಿಕೆ ತೋಟಕ್ಕೆ ಹಾಕಲು ವರ್ಷವೂ ಸೊಪ್ಪು ಸವರುವುದು ಅದರದ್ದೇ. ಈ ಗಿಟಾರಿನ ಪಟ್ಟಿ ಯಾವ ಕಾಡಿನದೋ, ಆದರೆ ನೆಂಟಸ್ತಿಕೆ ಅಲ್ಲಿಗೇ ಗಟ್ಟಿಯಾಯಿತು.

ಬೆಲೆ ಇಳಿಸಲು ಚೌಕಾಸಿ ಮಾಡಲಿಲ್ಲ. ಅದರ ಬದಲು ತಂತಿಯ ಎತ್ತರ, ಕತ್ತು, ಸ್ವರ ಎಲ್ಲವನ್ನೂ ಕೂರಿಸಿ ಕೊಡಬೇಕು, ಒಂದು ಜೊತೆ ಹೆಚ್ಚುವರಿ ತಂತಿ ಕೊಡಬೇಕು ಎಂದು ಹಟ ಹಿಡಿದೆ, ಒಪ್ಪಿದರು. ಹತ್ತು ವ್ಯಾಟಿನ ಆಂಪ್‌ಗೆ 7,200. ಅದಕ್ಕಿಂತ ದೊಡ್ಡದು ಮನೆಗೆ ಬೇಡವೇ ಬೇಡ. ಸಂಜೆ ಕದಂಬ ಬಸ್ಸಿನಲ್ಲಿ, ಕರ್ಮಲ್ ಘಾಟಿನ ತಿರುವುಗಳಲ್ಲೆಲ್ಲ ಅದನ್ನು ಅಪ್ಪಿ ಹಿಡಿದು ಊರಿಗೆ ಬಂದೆ. ರಾತ್ರಿ ಫೋನಿನಲ್ಲಿ ವಿಷಯ ಕೇಳಿದ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತಿ ತುಂಡಿಗೆ ಹದಿನೆಂಟು ಸಾವಿರ ಕೊಟ್ಟೆಯಾ ಕೂಸೇ?" ಎಂದರು.

ಮನೆಯಲ್ಲಿ ಆಂಪ್ ಹಾಕಿದೊಡನೆ ಜೇನುಗೂಡು ಕೆದಕಿದಂತೆ ಸದ್ದು. ಅಂಗಡಿಯಲ್ಲಿ ಇದರ ಕಾಲು ಭಾಗವೂ ಇರಲಿಲ್ಲ. ಸಿಂಗಲ್ ಕಾಯಿಲ್‌ನ ಗುಣ ಗೊತ್ತಿದ್ದೇ ಕೊಂಡಿದ್ದೆನಲ್ಲ, ಅನುಭವಿಸು ಎಂದುಕೊಂಡೆ. ಆದರೆ ತಂತಿ ಮುಟ್ಟಿದರೆ ಬೆರಳ ತುದಿಯಲ್ಲಿ ಸಣ್ಣ ಚುಮುಚುಮು. ಇದು ಪಿಕಪ್‌ನ ಗುಣವಲ್ಲ. ಗಿಟಾರಿನ ಲೋಹದ ತಂತಿಗಳು ಕೇಬಲ್ಲಿನ ಮೂಲಕ ಆಂಪ್‌ನ ಅರ್ಥಿಂಗ್‌ಗೆ ಸೇರಿರುತ್ತವೆ. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಸೋರುವ ಕರೆಂಟು ನುಡಿಸುವವರ ಮೈಮೂಲಕ ದಾರಿ ಹುಡುಕುತ್ತದೆ. ಆಂಪ್ ಆರಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಪ್ಲಗ್ ಬಿಚ್ಚಿದರೆ ಮೂರನೆಯ ತೂತಿಗೆ ತಂತಿಯೇ ಇಲ್ಲ! "ಇಷ್ಟು ವರ್ಷದಿಂದ ಫ್ರಿಜ್ ನಡೆಯುತ್ತಿದೆಯಲ್ಲ ಟೀಚರೇ" ಎಂದರು ಮನೆಯ ಮಾಲೀಕರು. ಹಿತ್ತಿಲಲ್ಲಿ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಿಸಲು 3,800 ರೂಪಾಯಿ ಹೋಯಿತು. ನನ್ನ ಪಟ್ಟಿಯಲ್ಲಿ ಇಲ್ಲದ ಖರ್ಚು ಇದು. ಗಿಟಾರಿಗಿಂತ ಮೊದಲು ಆಗಬೇಕಾಗಿದ್ದ ಖರ್ಚೂ ಹೌದು. ನಿಮ್ಮ ಮನೆ ಹಳೆಯದಾದರೆ ಅಂಗಡಿಗೆ ಹೋಗುವ ಮುನ್ನ ಪ್ಲಗ್ಗು ನೋಡಿಸಿ.

ಚುಮುಚುಮು ಪೂರ್ತಿ ಹೋಯಿತು, ಗುಂಯ್ ಮುಕ್ಕಾಲು ಹೋಯಿತು. ಉಳಿದ ಕಾಲು ಭಾಗಕ್ಕೆ ಕಾರಣ ತಲೆಯ ಮೇಲಿನ ಫ್ಯಾನಿನ ರೆಗ್ಯುಲೇಟರು. ಎಲೆಕ್ಟ್ರಾನಿಕ್ ರೆಗ್ಯುಲೇಟರು ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಬಿಡುವುದರಿಂದ ಅದರ ಕರಕರ ಪಿಕಪ್‌ಗೆ ಸಿಗುತ್ತದೆ. ಫ್ಯಾನು ಪೂರ್ತಿ ವೇಗದಲ್ಲಿಟ್ಟರೆ ತಗ್ಗುತ್ತದೆ, ಆರಿಸಿದರೆ ನಿಲ್ಲುತ್ತದೆ. ಏಪ್ರಿಲ್ ತಿಂಗಳ ಕಾರವಾರದಲ್ಲಿ ಫ್ಯಾನು ಆರಿಸಿ ನುಡಿಸುವುದು ಒಂದು ವ್ರತ.

ಜೂನ್ ಬಂತು. ದೇಹವೇನೂ ಉಬ್ಬಲಿಲ್ಲ, ಆ ಲೆಕ್ಕ ಸರಿಯಿತ್ತು. ಕತ್ತು ಮಾತ್ರ ತನ್ನ ಪಾಲಿನ ನೀರು ಕುಡಿದು ನೆಟ್ಟಗಾಯಿತು. ದಪ್ಪ ತಂತಿ ಮೊದಲ ಮೂರು ಫ್ರೆಟ್‌ಗಳಲ್ಲಿ ಜರ್ ಎನ್ನತೊಡಗಿತು. ವಿಸಿಟಿಂಗ್ ಕಾರ್ಡು ತೂರಲಿಲ್ಲ. ಟ್ರಸ್ ರಾಡನ್ನು ಕಾಲು ಸುತ್ತು ಸಡಿಲಿಸಿ, ಒಂದು ರಾತ್ರಿ ಬಿಟ್ಟು ನೋಡಿದೆ, ಸರಿಯಾಯಿತು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಗಟ್ಟಿ ಹಿಡಿದಿದ್ದರೆ ಬಲವಂತ ಮಾಡಬೇಡಿ. ಸಾಧಾರಣ ತಂತಿಗಳು ಮೂರೇ ವಾರಕ್ಕೆ ಕಂದು ತಿರುಗಿದವು. ಲೇಪನವಿರುವ ತಂತಿಗೆ ಎರಡು ಪಟ್ಟಿಗಿಂತ ಹೆಚ್ಚು ಬೆಲೆ, ಆದರೆ ನಾಲ್ಕು ತಿಂಗಳು ಬಂತು. ಚೀಲದೊಳಗೆ ಮುಚ್ಚಿಟ್ಟರೆ ಬೂಷ್ಟು ಖಂಡಿತ. ಹೊರಗೋಡೆಗೆ ತಾಗದ ಒಳಗೋಡೆಯಲ್ಲಿ ತೂಗುಹಾಕಿದ್ದೇನೆ. ಬ್ರಿಡ್ಜಿನ ಪುಟ್ಟ ಸ್ಕ್ರೂಗಳಿಗೆ ಮೇ ತಿಂಗಳಲ್ಲೇ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಹಚ್ಚುತ್ತೇನೆ.

ದೀಪಾವಳಿಗೆ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಲು ಅಪ್ಪಯ್ಯ ಕಾರವಾರಕ್ಕೆ ಬಂದಿದ್ದರು. ಗಿಟಾರನ್ನು ಗೋಡೆಯಿಂದ ಇಳಿಸಿ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡರು. ತಂತಿ ಮೀಟಲಿಲ್ಲ. ಫ್ರೆಟ್‌ಗಳ ನಡುವಿನ ಮರದ ಮೇಲೆ ಹೆಬ್ಬೆರಳು ಉಜ್ಜಿ, ಕನ್ನಡಕ ಮೇಲೇರಿಸಿ, ಎಳೆ ನೋಡಿದರು. "ಮತ್ತಿಯೇ. ಒಣಗಿದೆ, ಕೊಬ್ಬರಿ ಎಣ್ಣೆ ಹಚ್ಚು" ಎಂದರು. ಕೊಬ್ಬರಿ ಎಣ್ಣೆ ಕಮಟು ನಾತ ಬಂದು ಅಂಟಾಗುತ್ತದೆ, ಇದಕ್ಕೆಂದೇ ಬೇರೆ ಎಣ್ಣೆ ತಂದಿಟ್ಟಿದ್ದೇನೆ, ವರ್ಷಕ್ಕೆರಡು ಸಲ ನಾಲ್ಕು ಹನಿ ಸಾಕು ಎಂದೆ. ಸೀಸೆ ಕೇಳಿ ಪಡೆದು ಬೆಲೆಯ ಚೀಟಿ ಓದಿದರು. ಮರುದಿನ ಬೆಳಿಗ್ಗೆ ಶಿರಸಿ ಬಸ್ಸು ಹತ್ತುವವರೆಗೂ ಮತ್ತಿಯ ಮಾತು ಎತ್ತಲಿಲ್ಲ.