ಗ್ರಾಫೀನ್ ಆಕ್ಸೈಡ್ ಸೇರಿಸಿ ಮೆಂಬ್ರೇನ್ ಮಾಡಿದ ನನ್ನ ಅನುಭವ

ಮಳೆಗಾಲದಲ್ಲಿ ತುಂಗಭದ್ರಾ ಕಾಲುವೆ ನೀರು ಎಷ್ಟು ಮಣ್ಣಾಗಿರುತ್ತೆ ಅಂತ ಬಳ್ಳಾರಿ ಕಡೆಯವರಿಗೆ ಹೇಳಬೇಕಾಗಿಲ್ಲ. ಅದನ್ನು ಸೋಸಲು ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್‌ನ ಮೆಂಬ್ರೇನ್ (ಸಣ್ಣ ರಂಧ್ರಗಳಿರುವ ಸೋಸುವ ಹಾಳೆ) ಹಾಕಿದರೆ ಬೇಗ ಕಟ್ಟಿಕೊಳ್ಳುತ್ತದೆ. ಆ ಪಾಲಿಮರ್‌ಗೂ ನೀರಿಗೂ ಅಷ್ಟಕ್ಕಷ್ಟೇ, ಕೊಳೆ ಮಾತ್ರ ಚೆನ್ನಾಗಿ ಅಂಟುತ್ತದೆ. ಗ್ರಾಫೀನ್ ಆಕ್ಸೈಡ್ ಅಂದರೆ ಇಂಗಾಲದ ತೀರಾ ತೆಳು ಪದರ; ಅದು ಹಾಗಲ್ಲ, ಅದರ ಮೈಮೇಲೆ ಆಮ್ಲಜನಕದ ಗುಂಪುಗಳು ಇರುವುದರಿಂದ ನೀರನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಎರಡನ್ನೂ ಸೇರಿಸಿದೆ.

ಇಲ್ಲಿ ಎಲ್ಲಾ ಇರುವುದು ಗ್ರಾಫೀನ್ ಆಕ್ಸೈಡನ್ನು ಒಂದೇ ಸಮ ಹರಡುವುದರಲ್ಲಿ. ಮೊದಲು ಪಾಲಿಮರ್ ಕರಗಿಸುವ ಎನ್‌ಎಂಪಿ ಎಂಬ ದ್ರಾವಕಕ್ಕೆ ಗ್ರಾಫೀನ್ ಆಕ್ಸೈಡ್ ಪುಡಿ ಹಾಕಿ ಸೋನಿಕೇಟರ್‌ನಲ್ಲಿ (ಶಬ್ದದ ಅಲೆಯಿಂದ ಪುಡಿ ಬಿಡಿಸುವ ಯಂತ್ರ) ಇಡುತ್ತೇನೆ. ತಳದಲ್ಲಿ ಏನೂ ಕೂರದೆ ಒಂದೇ ಸಮ ಕಂದು ಬಣ್ಣ ಬಂದ ಮೇಲೇ ಪಾಲಿಮರ್, ಅದೂ ಸ್ವಲ್ಪ ಸ್ವಲ್ಪವಾಗಿ, 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಲಕುತ್ತಾ. ಇಡೀ ದ್ರಾವಣದಲ್ಲಿ ಪಾಲಿಮರ್ 18%, ಆ ಪಾಲಿಮರ್ ತೂಕದ 0.5% ಗ್ರಾಫೀನ್ ಆಕ್ಸೈಡ್. ಜಾಸ್ತಿ ಹಾಕಿದರೆ ಝುಣಕದ ಹಿಟ್ಟಿನಂತೆ ಗಂಟು ಕಟ್ಟುತ್ತದೆ, ಗಂಟಿನ ಸುತ್ತ ಸಂದು ಬೀಳುತ್ತದೆ, ಕೊಳೆ ಅಲ್ಲೇ ನುಸುಳುತ್ತದೆ. ಗ್ಲೌಸ್ ಇಲ್ಲದೆ ಎನ್‌ಎಂಪಿ ಮುಟ್ಟಬೇಡಿ, ಅದು ಚರ್ಮದೊಳಗೆ ಇಳಿಯುತ್ತದೆ.

ಈ ದ್ರಾವಣವನ್ನು ಗುಳ್ಳೆ ಹೋಗುವವರೆಗೆ ಬಿಟ್ಟು, ಗಾಜಿನ ಮೇಲೆ ತೆಳ್ಳಗೆ ಎಳೆದು, ತಕ್ಷಣ ನೀರಿನ ತೊಟ್ಟಿಗೆ ಮುಳುಗಿಸಬೇಕು. ಎನ್‌ಎಂಪಿ ಹೊರಗೆ, ನೀರು ಒಳಗೆ. ಕಣ್ಣೆದುರೇ ಹಾಳೆ ಬೆಳ್ಳಗಾಗಿ ಗಾಜು ಬಿಟ್ಟು ಏಳುತ್ತದೆ. ರಂಧ್ರ ಹುಟ್ಟುವುದು ಇದೇ ಹೊತ್ತಿನಲ್ಲಿ. ನಮ್ಮೂರಲ್ಲಿ ಏಪ್ರಿಲ್‌ನಲ್ಲಿ ಮಾಳಿಗೆ ಮೇಲಿನ ಟ್ಯಾಂಕ್ ನೀರು ಮುಟ್ಟಲಾಗದಷ್ಟು ಬಿಸಿ ಅಲ್ವಾ, ಅದನ್ನೇ ಸುಮ್ನೆ ಬಳಸಿದರೆ ರಂಧ್ರದ ಗಾತ್ರವೇ ಬದಲಾಗುತ್ತದೆ. ಐಸ್ ಹಾಕಿ, ಥರ್ಮಾಮೀಟರ್ ನೋಡಿ, ಪ್ರತಿ ಸಲ 25 ಡಿಗ್ರಿಗೆ ತರುತ್ತೇನೆ. ಇಲ್ಲದಿದ್ದರೆ ಗ್ರಾಫೀನ್ ಆಕ್ಸೈಡ್‌ನಿಂದ ಆದ ವ್ಯತ್ಯಾಸ ಯಾವುದು, ಬಿಸಿಲಿನಿಂದ ಆದದ್ದು ಯಾವುದು ಅಂತ ಗೊತ್ತೇ ಆಗಲ್ಲ.

ಒಣಗುವ ಮುಂಚೆ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಕಪ್ಪು ಚುಕ್ಕೆ ಕಂಡರೆ ಅದು ಗಂಟು, ಆ ಹಾಳೆಯನ್ನು ಪರೀಕ್ಷೆಗೆ ಇಡಲೇಬೇಡಿ. ಸರಿಯಾಗಿ ಬಂದ ಹಾಳೆಯ ಮೇಲೆ ನೀರಿನ ಹನಿ ಬರೀ ಪಾಲಿಸಲ್ಫೋನ್‌ಗಿಂತ ಅಗಲವಾಗಿ ಹರಡಿತು. ನನಗೆ ಅದಕ್ಕಿಂತ ಖುಷಿ ಕೊಟ್ಟಿದ್ದು, ಕಾಲುವೆ ನೀರು ಸೋಸಿ ಕಟ್ಟಿಕೊಂಡ ಮೇಲೂ ಬರೀ ನೀರಲ್ಲಿ ತೊಳೆದರೆ ಹರಿವು ಬಹುಪಾಲು ವಾಪಸ್ ಬಂದಿದ್ದು.

ಕೊಪ್ಪಳ, ರಾಯಚೂರಿನವರು ಇದರಿಂದ ನೀರಿನ ಫ್ಲೋರೈಡ್ ತೆಗೆಯಬಹುದಾ ಅಂತ ಕೇಳುತ್ತಾರೆ. ಇಲ್ಲ, ಈ ರಂಧ್ರಗಳಿಗೆ ಆ ಅಯಾನು ತೀರಾ ಚಿಕ್ಕದು. ನೀರು ಆರ್‌ಓಗೆ ಹೋಗುವ ಮುಂಚೆ ಇದನ್ನು ಇಟ್ಟರೆ ಆರ್‌ಓ ಮೆಂಬ್ರೇನ್‌ಗೆ ಮಣ್ಣಿನ ಕಾಟ ತಪ್ಪುತ್ತದೆ, ಇದರ ಕೆಲಸ ಅಷ್ಟೇ. ಗ್ರಾಫೀನ್ ಆಕ್ಸೈಡ್ ನಿಧಾನಕ್ಕೆ ನೀರಿಗೆ ಬಿಟ್ಟುಕೊಳ್ಳುತ್ತದಾ ಅನ್ನುವುದನ್ನು ಈಗ ನೋಡುತ್ತಿದ್ದೇನೆ. ಅದು ಖಾತ್ರಿಯಾಗುವವರೆಗೆ ಕುಡಿಯುವ ನೀರಿಗೆ ಇದನ್ನು ಯಾರಿಗೂ ಕೊಡಲ್ಲ.