ಕಲಂ 91ರ ದಾವಾ ಹೂಡಿ ರಾಜಕಾಲುವೆ ತೆರೆಸಿದ ನನ್ನ ಅನುಭವ

ಕೆರೆಯ ವಿಷಯ ಹಿಡಿದು ಸಿವಿಲ್ ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಬಂದೀತು ಎಂದು ನಮ್ಮ ವಕೀಲರ ಸಂಘದ ಹಿರಿಯರೇ ಹೇಳಿದ್ದರು. ಕೋಲಾರ ಜಿಲ್ಲೆಯ ನಮ್ಮ ಕೆರೆಗೆ ಮೇಲಿನ ಕೆರೆಯ ಕೋಡಿ ನೀರು ಹರಿದು ಬರುವ ರಾಜಕಾಲುವೆಗೆ ಬಡಾವಣೆ ಮಾಡುವವರೊಬ್ಬರು ಮಣ್ಣು ತುಂಬಿಸಿದ್ದರು. ಅದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 91ರ (ಸಾರ್ವಜನಿಕ ಉಪದ್ರವದ) ದಾವಾದ ತಾತ್ಕಾಲಿಕ ಆದೇಶದಲ್ಲೇ ತೆರೆಸಿದೆನೆಂದು ಹೆಮ್ಮೆಯಿಂದ ಬರೆಯುತ್ತಿದ್ದೇನೆ.

ಮೊದಲ ದಾವಾದಲ್ಲಿ ಕಾಲುವೆ ಮುಚ್ಚಿದ್ದು, ಕೊಳಚೆ ಬಿಟ್ಟದ್ದು, ಮೀನು ಸತ್ತದ್ದು, ಪರಿಹಾರ ಎಲ್ಲವನ್ನೂ ಒಂದೇ ವಾದಪತ್ರಕ್ಕೆ ತುಂಬಿದ್ದೆ. ಎದುರು ಪಕ್ಷದವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ, 2010ರ ಕಲಂ 29 (ನ್ಯಾಯಮಂಡಳಿಯ ವಿಷಯಗಳಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲವೆನ್ನುವುದು) ತೋರಿಸಿ, ವಾದಪತ್ರ ತಿರಸ್ಕರಿಸಬೇಕೆಂದು ಸಿವಿಲ್ ಸಂಹಿತೆಯ ಆದೇಶ 7 ನಿಯಮ 11ರ ಅರ್ಜಿ ಹಾಕಿದರು, ವಾದಪತ್ರ ತಿರಸ್ಕೃತವಾಯಿತು. ಸರ್ಕಾರದ ಮೇಲೆ ದಾವಾ ಹೂಡುವ ಮುನ್ನ ಕೊಡಬೇಕಾದ ಕಲಂ 80ರ ನೋಟಿಸಿಗೆಂದು ಕಾದ ಎರಡು ತಿಂಗಳೂ ಊರವರು ಕೂಡಿಸಿದ್ದ ಸುಮಾರು 15 ಸಾವಿರ ರೂಪಾಯಿಯೂ ಅದರೊಂದಿಗೇ ಹೋದವು.

ಆದೇಶ 7 ನಿಯಮ 13ರಂತೆ, ವಾದಪತ್ರ ತಿರಸ್ಕೃತವಾದದ್ದು ಹೊಸ ದಾವಾಕ್ಕೆ ಅಡ್ಡಿಯಲ್ಲ. ಎರಡನೇ ಸಲ ಅಚ್ಚುಕಟ್ಟಿನ ಮೂವರು ರೈತರಿಂದ ಕಲಂ 91ರ ಅನುಮತಿ ಕೇಳಿಸಿ, ನೋಟಿಸಿಲ್ಲದೆ ತುರ್ತಾಗಿ ದಾವಾ ಹೂಡಲು ಅನುಮತಿ ಕೇಳುವ ಕಲಂ 80(2)ರ ಅರ್ಜಿಯನ್ನೂ ಜೊತೆಗಿಟ್ಟು, ಮಾಲಿನ್ಯದ ಮಾತೇ ಎತ್ತದೆ, ಗ್ರಾಮ ನಕ್ಷೆಯಲ್ಲಿರುವ ಕಾಲುವೆಗೆ ಆಗಿರುವ ಅಡ್ಡಿ ತೆರವಾಗಬೇಕೆಂಬಷ್ಟನ್ನೇ ಬೇಡಿದೆ. ಕೊಳಚೆಯ ವಿಷಯವನ್ನು 1,000 ರೂಪಾಯಿ ಶುಲ್ಕ ಕಟ್ಟಿ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಬೇರೆಯಾಗಿ ಒಯ್ದೆವು. ಅಲ್ಲಿ ಅರ್ಜಿ ಹಾಕಲು ಆ ಕಾಯ್ದೆಯ ಕಲಂ 14 ಕೊಡುವ ಆರು ತಿಂಗಳು ಮುಗಿಯಲು ಕೆಲವೇ ದಿನಗಳಿದ್ದವು.

ನಡುವೆ ಉಪವಿಭಾಗ ದಂಡಾಧಿಕಾರಿಯವರ ಮುಂದೆ ಸಾರ್ವಜನಿಕ ಅಡ್ಡಿ ತೆರವಿಗಾಗಿ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 133ರ ಅರ್ಜಿಯನ್ನೂ ಹಾಕಿ ನೋಡಿದ್ದೆ (ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿ.ಎನ್.ಎಸ್.ಎಸ್., ಕಲಂ 152). ಅಲ್ಲಿ ಆದೇಶವೇನೂ ಬರಲಿಲ್ಲ. ಆದರೆ ಅದಕ್ಕಾಗಿ ನಡೆದ ಸರ್ವೆಯ ಸ್ಕೆಚ್ಚು ಸಿವಿಲ್ ದಾವಾಕ್ಕೆ ಬಹಳ ಬಲ ಕೊಟ್ಟಿತು.

ಫಲ ಕೊಟ್ಟಿದ್ದು ಆದೇಶ 26 ನಿಯಮ 9ರಡಿ ಸ್ಥಳ ಪರಿಶೀಲನೆಗೆ ಕೋರ್ಟು ನೇಮಿಸಿದ ಕಮಿಷನರ್ ಅವರ ವರದಿ. ಹಿಂಗಾರಿನ ಮಳೆ ಬಿದ್ದ ಮರುದಿನವೇ ಅವರು ಸ್ಥಳಕ್ಕೆ ಬಂದರು. ನಕ್ಷೆಯಲ್ಲಿ ಸುಮಾರು 18 ಅಡಿ ಅಗಲವಿದ್ದ ಕಾಲುವೆಯ ಜಾಗದಲ್ಲಿ ಎರಡಡಿಯ ಒಂದು ಸಿಮೆಂಟ್ ಪೈಪು ಮಾತ್ರವಿತ್ತು. ಮೇಲ್ಗಡೆ ಮೊಣಕಾಲುದ್ದ ನೀರು ನಿಂತಿದ್ದರೆ ಕೆಳಗಡೆ ಕಾಲುವೆಯ ತಳ ಬಿರುಕು ಬಿಟ್ಟಿತ್ತು. ಎರಡೂ ಒಂದೇ ಫೋಟೊದಲ್ಲಿ ಬಂದವು. ಅವರ ಶುಲ್ಕ, ವಿಡಿಯೊ, ಸರ್ವೆ ಸೇರಿ 20 ಸಾವಿರದ ಆಸುಪಾಸು ಖರ್ಚಾಯಿತು. ಆ ಅರ್ಜಿಯನ್ನು ಯಾವ ಹಂತದಲ್ಲಿ ಹಾಕಿದೆನೆಂಬುದನ್ನು ದಾವಾ ಮುಗಿಯುವವರೆಗೆ ಬರೆಯಲಾರೆ.

ಮಧ್ಯಂತರದಲ್ಲಿ ತೆರವಿನ ಆಜ್ಞೆ ಸಿಗುವುದು ಕಷ್ಟವೆಂದು ನಿಮಗೆಲ್ಲ ಗೊತ್ತು. ಸುಪ್ರೀಂ ಕೋರ್ಟಿನ 1990ರ ದೋರಾಬ್ ಕಾವಸ್‌ಜಿ ವಾರ್ಡನ್ ತೀರ್ಪಿನ ಮೂರು ಕಟ್ಟಳೆಗಳಿಗೂ (ಬಲವಾದ ಪ್ರಕರಣ, ತುಂಬಲಾಗದ ನಷ್ಟ, ಅನುಕೂಲದ ಸಮತೋಲನ) ಆ ವರದಿಯಿಂದಲೇ ಉತ್ತರ ಕೊಟ್ಟೆ. ಆದೇಶವಾದ ಮೇಲೂ ಪ್ರತಿವಾದಿ ಸುಮ್ಮನಿದ್ದರು. ಆದೇಶ ಮೀರಿದವರ ಮೇಲೆ ಕ್ರಮ ಕೇಳುವ ಆದೇಶ 39 ನಿಯಮ 2ಎ ಅರ್ಜಿಯ ಪ್ರತಿ ಕೈಸೇರಿದ ವಾರದೊಳಗೆ ಜೆಸಿಬಿ ತಂದರು. ಈಗ ದಾವಾ ಸಾಕ್ಷ್ಯದ ಹಂತದಲ್ಲಿದೆ. ಕೆರೆಯಲ್ಲಿ ನೀರು ತೂಬಿನ ಮೂರನೇ ಮೆಟ್ಟಿಲಿಗಿದೆ.