ರೂಮ್ ಬಾಡಿಗೆಗೆ ಕೊಡುವ ಮುಂಚೆ ಮನೆ ವಿಮೆ ನೋಡಿಕೊಂಡಿದ್ದು

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ ಹತ್ತಿರವಾದ್ದರಿಂದ ಎಂ.ಎಸ್ಸಿ., ಪಿಎಚ್.ಡಿ. ಮಾಡುವ ಹೆಣ್ಣುಮಕ್ಕಳು ರೂಮ್ ಕೇಳಿಕೊಂಡು ಬರುತ್ತಲೇ ಇರುತ್ತಾರೆ. ಮಗ ಕೆಲಸಕ್ಕೆ ಹೊರಟ ಮೇಲೆ ಅವನ ಕೋಣೆಯನ್ನು ಬಾಡಿಗೆಗೆ ಕೊಡೋಣ ಅಂತ ನಾನೂ ನಮ್ಮ ಯಜಮಾನರೂ ಮಾತಾಡಿಕೊಂಡೆವು. ಅಡ್ವಾನ್ಸ್ ಎಷ್ಟು, ಅಡುಗೆಮನೆ ಬಿಟ್ಟುಕೊಡೋದಾ ಅಂತ ಎಲ್ಲರೂ ಕೇಳಿದರು. ವಿಮೆಯ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಹಾಗಾಗಿ ನಾನೇ ಪಾಲಿಸಿ ಕಾಗದ ತೆಗೆದು ಪೂರ್ತಿ ಓದಿದೆ.

ನಮ್ಮದು ಭಾರತ್ ಗೃಹ ರಕ್ಷಾ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2021ರ ಏಪ್ರಿಲ್‌ನಿಂದ ಜಾರಿಗೆ ತಂದ ಮನೆ ವಿಮೆ ಪಾಲಿಸಿ ಇದು. ಯಾವ ಕಂಪನಿಯಲ್ಲಿ ಮಾಡಿಸಿದರೂ ಮೂಲ ಷರತ್ತು ಒಂದೇ. ಬೆಂಕಿ, ಸಿಡಿಲು, ಮಳೆ-ಪ್ರವಾಹ, ಭೂಕಂಪ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆಗುವ ನಷ್ಟ, ಇವೆಲ್ಲ ಇದರೊಳಗಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನಿಗೂ ತಾನಾಗಿಯೇ ಸಿಗುತ್ತದೆ. ಕಟ್ಟಡಕ್ಕೆ 30 ಲಕ್ಷ ಇದ್ದರೆ ಸಾಮಾನಿಗೆ 6 ಲಕ್ಷ. ಒಡವೆ ಈ ಲೆಕ್ಕದಲ್ಲಿಲ್ಲ, ಅದನ್ನು ಬೇರೆಯಾಗಿ ಸೇರಿಸಬೇಕು.

ಷರತ್ತುಗಳ ಭಾಗದಲ್ಲಿ ನನಗೆ ಬೇಕಾದ ವಿಷಯ ಸಿಕ್ಕಿತು. ಮನೆಯನ್ನು ಬಾಡಿಗೆಗೆ ಕೊಟ್ಟರೆ, ಬಳಕೆ ಬದಲಾದರೆ ಕಂಪನಿಗೆ ತಿಳಿಸಬೇಕು. ಏಜೆಂಟರಿಗೆ ಫೋನ್ ಮಾಡಿದೆ. "ಒಂದು ರೂಮ್ ತಾನೆ ಮೇಡಂ, ಅದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ?" ಅಂದರು. ಅವರ ಮಾತು ಕ್ಲೇಮ್ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಕಂಪನಿಗೇ ಮೇಲ್ ಬರೆದೆ: ನಾವು ಇದೇ ಮನೆಯಲ್ಲಿ ಇರುತ್ತೇವೆ, ಒಂದು ಕೋಣೆ ಮಾತ್ರ ಒಬ್ಬ ವಿದ್ಯಾರ್ಥಿನಿಗೆ, ಊಟದ ವ್ಯವಸ್ಥೆ ಇಲ್ಲ. ಪಾಲಿಸಿಯಲ್ಲಿ ಅದನ್ನು ನಮೂದಿಸಿ ಕಳಿಸಿದರು; ಪ್ರೀಮಿಯಂ ಹೆಚ್ಚಾಗಲಿಲ್ಲ. ಆ ಕಾಗದ ಕೈಗೆ ಬಂದ ಮೇಲೆಯೇ ಹುಡುಗಿಗೆ ಬೀಗದ ಕೈ ಕೊಟ್ಟದ್ದು. ನಾಲ್ಕೈದು ಮಂಚ ಹಾಕಿ, ಊಟ ಕೊಟ್ಟು ಪಿಜಿ ನಡೆಸುವವರು ಮಾತ್ರ ಮನೆ ಪಾಲಿಸಿಯನ್ನೇ ನಂಬಿಕೊಂಡು ಕೂರಬಾರದು. ಅದು ವ್ಯಾಪಾರ.

ನಾನು ತುಂಬ ಹೊತ್ತು ಕೂತು ಓದಿದ್ದು ಕಳ್ಳತನದ ಭಾಗ. ಭಾರತ್ ಗೃಹ ರಕ್ಷಾದಲ್ಲಿ ಬೆಂಕಿ, ಪ್ರವಾಹದಂಥದ್ದು ಆಗಿ ಅದರಿಂದಾಗಿ 7 ದಿನದೊಳಗೆ ಕಳುವಾದರೆ ಮಾತ್ರ ಪರಿಹಾರ. ಮಾಮೂಲಿ ಕಳ್ಳತನಕ್ಕೆ ಬೇರೆ ಪಾಲಿಸಿ ತೆಗೆದುಕೊಳ್ಳಬೇಕು. ಅಲ್ಲೂ ಸಾಮಾನ್ಯವಾಗಿ ಎರಡು ಮಾತು ಇರುತ್ತವೆ: ಬಾಗಿಲು, ಕಿಟಕಿ ಒಡೆದು ಒಳಬಂದ ಗುರುತು ಇರಬೇಕು, ಮನೆಯೊಳಗೆ ಇರಲು ಹಕ್ಕಿದ್ದವರೇ ಕದ್ದರೆ ಪರಿಹಾರ ಇಲ್ಲ. ನಾವೇ ಕೀ ಕೊಟ್ಟು ಇರಿಸಿಕೊಂಡವರು ಈ ಎರಡನೆಯ ಮಾತಿನೊಳಗೆ ಬರುತ್ತಾರೆ. ಬಾಡಿಗೆಗೆ ಬಂದ ಮಗುವಿನ ಮೇಲೆ ಅನುಮಾನಪಟ್ಟು ಇದನ್ನು ಬರೆಯುತ್ತಿಲ್ಲ, ನಮ್ಮ ಮನೆಯಲ್ಲಿದ್ದವರೆಲ್ಲ ಚಿನ್ನದಂಥ ಹುಡುಗಿಯರೇ. ಆದರೆ ವಿಮೆ ಇದೆಯಲ್ಲ ಅನ್ನುವ ಧೈರ್ಯ ಈ ಒಂದು ವಿಷಯದಲ್ಲಿ ಸಲ್ಲದು. ಒಡವೆಯೆಲ್ಲ ಬ್ಯಾಂಕ್ ಲಾಕರ್‌ಗೆ ಹೋಯಿತು. ನಮ್ಮ ಕೋಣೆಗೆ ಬೇರೆ ಬೀಗ ಹಾಕಿಸಿದೆವು.

ಒಂದು ಮಳೆಗಾಲದಲ್ಲಿ ಆ ಕೋಣೆಯ ಬಚ್ಚಲಿನಲ್ಲಿ ಗೀಸರ್‌ಗೆ ಹೋಗುವ ಪೈಪ್ ರಾತ್ರಿ ಒಡೆಯಿತು. "ಆಂಟೀ, ನೀರು!" ಅಂತ ಹುಡುಗಿ ಕೂಗಿದಾಗ ನೆಲದ ಮೇಲೆ ಪಾದ ಮುಳುಗುವಷ್ಟು ನೀರು. ಮೊದಲು ಕರೆಂಟಿನ ಮೇನ್ ಆಫ್ ಮಾಡಿಸಿ, ಗೇಟ್ ವಾಲ್ವ್ ತಿರುಗಿಸಿದೆವು. ನೀರು ಬಳಿಯುವ ಮುಂಚೆಯೇ ಎಲ್ಲದರ ಫೋಟೋ ತೆಗೆದೆ, ಬೆಳಿಗ್ಗೆ ಕಂಪನಿಗೆ ತಿಳಿಸಿದೆ, ಒಡೆದ ಪೈಪ್ ತುಂಡನ್ನು ಎಸೆಯದೆ ಇಟ್ಟುಕೊಂಡೆ. ನಷ್ಟ ಎಷ್ಟು ಅಂತ ನೋಡಲು ಬಂದ ಸರ್ವೇಯರ್ ಆ ತುಂಡನ್ನು ಕೈಯಲ್ಲಿ ಹಿಡಿದು ಸೀಳು ಬಿಟ್ಟ ಜಾಗ ನೋಡಿದರು, ಗೋಡೆಗೆ ಸೇರಿಸಿದ ಕಪಾಟಿನ ಪ್ಲೈವುಡ್ ಬುಡದಲ್ಲಿ ಉಬ್ಬಿದ್ದನ್ನು ಅಳತೆ ಮಾಡಿಕೊಂಡರು. ಕಪಾಟಿಗೆ, ಹಾಸಿಗೆಗೆ ದುಡ್ಡು ಬಂತು. ನೆಲದ ಮೇಲಿದ್ದ ಹುಡುಗಿಯ ಲ್ಯಾಪ್‌ಟಾಪ್‌ಗೆ ಬರಲಿಲ್ಲ. "ಅದು ನಿಮ್ಮ ಸಾಮಾನಲ್ವಲ್ಲ ಮೇಡಂ" ಅಂದರು, ಅದು ಸರಿಯೇ. ಪಾಲಿಸಿ ನೋಡಿಕೊಳ್ಳುವುದು ನಮ್ಮ ಕುಟುಂಬದ ವಸ್ತುಗಳನ್ನು ಮಾತ್ರ.

ಆ ಹುಡುಗಿಗೆ ಇದು ಮೊದಲೇ ಗೊತ್ತಿತ್ತು, ಹನ್ನೊಂದು ತಿಂಗಳ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿದ್ದೆವು. ಆದರೂ ಪ್ರಬಂಧದ ಕೆಲಸವೆಲ್ಲ ಅದರಲ್ಲಿತ್ತು ಅಂತ ಅತ್ತಾಗ ನನ್ನ ಹೊಟ್ಟೆ ಕಿವುಚಿತು. ಬಾಡಿಗೆಗೆ ಇರುವವರು ಕಟ್ಟಡ ಬಿಟ್ಟು ತಮ್ಮ ಸಾಮಾನಿಗಷ್ಟೇ ಇದೇ ಪಾಲಿಸಿ ಮಾಡಿಸಬಹುದು. ಈಗ ಹೊಸಬರು ಬಂದಾಗ ಅವರ ತಂದೆ-ತಾಯಿಯನ್ನೂ ಕೂರಿಸಿಕೊಂಡು ಇದನ್ನು ಹೇಳುತ್ತೇನೆ.

ಗ್ಯಾಸ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಎಲ್ಲಿಂದಲೋ ತಂದ ಸಣ್ಣ ಸಿಲಿಂಡರ್ ರೂಮಿನಲ್ಲಿ ಇಡಕೂಡದು. ತೈಲ ಕಂಪನಿಗಳು ನೋಂದಾಯಿತ ಗ್ರಾಹಕರಿಗೆ ಮಾಡಿಸಿರುವ ವಿಮೆಯಲ್ಲಿ ಅಪಘಾತದಲ್ಲಿ ಸತ್ತವರಿಗೆ ತಲಾ 6 ಲಕ್ಷ, ಆಸ್ತಿ ನಷ್ಟಕ್ಕೆ 2 ಲಕ್ಷದವರೆಗೆ ಇದೆ. ಆಸ್ತಿಯ ಪರಿಹಾರ ನೋಂದಾಯಿಸಿದ ವಿಳಾಸಕ್ಕೆ ಮಾತ್ರ. ಅಡುಗೆಮನೆಯಲ್ಲಿ ನಮ್ಮ ಒಲೆಯನ್ನೇ ಬಳಸಲಿ ಅಂತ ಬಿಟ್ಟುಕೊಟ್ಟೆ, ರಬ್ಬರ್ ಟ್ಯೂಬ್ ಮೇಲಿನ ತಾರೀಕು ನೋಡಿ 5 ವರ್ಷಕ್ಕೆ ಬದಲಾಯಿಸುತ್ತೇನೆ.

ಮೆಟ್ಟಿಲಲ್ಲಿ ಯಾರಾದರೂ ಜಾರಿ ಬಿದ್ದು ನಮ್ಮನ್ನೇ ಹೊಣೆ ಮಾಡಿದರೆ ಅಂತಲೂ ಯೋಚನೆ ಬಂತು. ಅದಕ್ಕೆ ಪಬ್ಲಿಕ್ ಲಯಬಿಲಿಟಿ ಅಂತ ಬೇರೆ ರಕ್ಷಣೆ ಇದೆ, ಅದನ್ನೂ ತೆಗೆದುಕೊಂಡೆವು.

ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ, ಅಂದರೆ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ನಮ್ಮ ರಾಜ್ಯಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ.